ಜಪಾನ್ ಜಯಣ್ಣ ಮತ್ತು ಕೊಡೆ ಅಂಗಡಿಯ ಸಿನಿಮಾ

ದೊಡ್ಡಬಳ್ಳಾಪುರದ ಮಗ್ಗದ ಮನೆಗಳೊಳಗೆ ಬಾಯಿಮಾತು ನಡೆಯುವುದಿಲ್ಲ. ವಿದ್ಯುತ್ ಮಗ್ಗಗಳೆಲ್ಲ ಒಟ್ಟಿಗೆ ಓಡುವಾಗ ಪಕ್ಕದವನ ಕಿವಿಗೇ ಬಾಯಿಟ್ಟು ಕೂಗಿದರೂ ಅರ್ಧ ಮಾತ್ರ ತಲುಪುತ್ತದೆ. ಅದಕ್ಕೇ ಅಲ್ಲಿನವರು ಕೈಯಲ್ಲಿ ಮಾತಾಡುತ್ತಾರೆ. ಹೆಬ್ಬೆರಳು ಬಾಯಿಗೆ ಹೋದರೆ ಟೀ. ಎರಡು ಬೆರಳು ಕತ್ತರಿಯಂತೆ ಆಡಿದರೆ ಎಳೆ ಹರಿದಿದೆ. ತೋರುಬೆರಳನ್ನು ಗಾಳಿಯಲ್ಲಿ ದುಂಡಗೆ ತಿರುಗಿಸಿದರೆ, ಮಗ್ಗ ಓಡುತ್ತಿದೆ, ಮುಟ್ಟಬೇಡ ಎಂದು ಅರ್ಥ.

ಜಯಕುಮಾರ್ ಈ ಸದ್ದಿಗೆ ಬಂದದ್ದು ಒಂಬತ್ತನೇ ತರಗತಿಯನ್ನು ಅರ್ಧಕ್ಕೆ ಬಿಟ್ಟ ವರ್ಷ. ಈಗ ಅವನಿಗೆ ನಲವತ್ತು ದಾಟಿದೆ. ವೆಂಕಟರಾಮಪ್ಪನವರ ಶೆಡ್ಡಿನಲ್ಲಿ ಕಿಟಕಿಯ ಪಕ್ಕದ ಎರಡು ಮಗ್ಗ ಅವನವು. ಅಂದರೆ ನೇಯುವವನು ಅವನು, ಮಗ್ಗ ವೆಂಕಟರಾಮಪ್ಪನವರದು. ಹೆಚ್ಚು ಮಾತಿನ ಮನುಷ್ಯನಲ್ಲ. ಯಾರಾದರೂ ಎದುರು ನಿಂತು ಏನಾದರೂ ಕೇಳಿದರೆ ಮೊದಲು ತನ್ನ ಚಪ್ಪಲಿ ನೋಡಿಕೊಳ್ಳುತ್ತಾನೆ, ಆಮೇಲೆ ಉತ್ತರ ಹೇಳುತ್ತಾನೆ.

ಶೆಡ್ಡಿನಲ್ಲಿ ಎಲ್ಲರೂ ಮಗ್ಗದ ಕಂಬಕ್ಕೆ ಫೋನು ಕಟ್ಟಿಕೊಂಡು ಏನಾದರೊಂದು ನೋಡುತ್ತಾ ನೇಯುತ್ತಾರೆ. ಕಣ್ಣು ಒಂದು ಸಲ ಎಳೆಯ ಮೇಲೆ, ಒಂದು ಸಲ ಫೋನಿನ ಮೇಲೆ. ಸದ್ದು ಹೇಗೂ ಕೇಳುವುದಿಲ್ಲ. ಜಯಕುಮಾರನಿಗೆ ಕನ್ನಡ ಸಿನಿಮಾ ಹಾಗೆ ನೋಡಿದರೆ ತಲೆನೋವು ಬರುತ್ತಿತ್ತು. ಬಾಯಿ ಅಲ್ಲಾಡುವುದು ಕಾಣುತ್ತದೆ, ಏನು ಹೇಳಿದರೆಂದು ತಿಳಿಯದು. ತನ್ನ ಭಾಷೆಯೇ ತನಗೆ ಬಾರದವನಂತೆ ಆಗಿಬಿಡುತ್ತಿದ್ದ.

ಹಾಗಿರುವಾಗ ಅವನ ಅಕ್ಕನ ಮಗಳು ಚಂದನ ಒಂದು ಪೆನ್‌ಡ್ರೈವ್ ತಂದುಕೊಟ್ಟಳು. ಚಂದನಳಿಗೆ ಬಾಶೆಟ್ಟಿಹಳ್ಳಿಯ ಒಂದು ಜಪಾನಿ ಕಂಪನಿಯಲ್ಲಿ ಕೆಲಸ. ಸಂಜೆಯ ಕ್ಲಾಸಿಗೆ ಹೋಗಿ ಆ ಭಾಷೆಯನ್ನೂ ಕಲಿತಿದ್ದಳು. ಊರಿಗೆ ವಾಪಸಾದ ಜಪಾನಿ ಸಾರೊಬ್ಬರು ತಮ್ಮ ದೇಶದ ಸಿನಿಮಾಗಳನ್ನು ಅವಳಿಗೆ ಬಿಟ್ಟು ಹೋಗಿದ್ದರು.

"ನಿಂಗೆ ಅರ್ಥ ಆಗಲ್ಲ ಮಾವ, ಸುಮ್ನೆ ನೋಡು," ಅಂದಿದ್ದಳು.

ಅರ್ಥವಾಗದ ಭಾಷೆ ಕೇಳದಿದ್ದರೆ ಕಳೆದುಕೊಳ್ಳುವುದೇನು? ಜಯಕುಮಾರನಿಗೆ ತಲೆನೋವು ಬರಲಿಲ್ಲ. ಅಲ್ಲಿನ ಜನ ಮಾತು ಕಡಿಮೆ ಆಡುತ್ತಿದ್ದರು. ಬಹಳ ಹೊತ್ತು ಸುಮ್ಮನೆ ಕೂರುತ್ತಿದ್ದರು, ಬಾಗಿಲು ಸರಿಸುತ್ತಿದ್ದರು, ಬಗ್ಗುತ್ತಿದ್ದರು, ಟೀ ಬಗ್ಗಿಸುತ್ತಿದ್ದರು. ಇವರೂ ನಮ್ಮ ಶೆಡ್ಡಿನವರ ಹಾಗೆಯೇ ಅನ್ನಿಸಿತು ಅವನಿಗೆ. ಹೆಸರುಗಳು ಓದಲು ಬರುತ್ತಿರಲಿಲ್ಲವಾದ್ದರಿಂದ ತಾನೇ ಹೆಸರಿಟ್ಟ. ಕತ್ತಿಯನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡು ಇಡೀ ಸಿನಿಮಾ ಒಬ್ಬ ಮುದುಕಿಯ ಮನೆಯ ಮಾಡು ರಿಪೇರಿ ಮಾಡುವ ಯೋಧನದು 'ಸೋರೋ ಮನೆ'. ಬೆಂಕಿಯೇ ಬೀಳದ ಊರಿನ ಅಗ್ನಿಶಾಮಕ ದಳದವರು ದಿನಾ ಏಣಿ ಒರೆಸುವ ಬಣ್ಣದ ಹಳೆಯ ನಗೆಚಿತ್ರ 'ಏಣಿ'. ಬಾಡಿಗೆ ಮನೆಯಲ್ಲಿ ದೆವ್ವವೊಂದು ಸಿಂಕಿನ ಪಾತ್ರೆಗಳನ್ನೆಲ್ಲ ತೊಳೆದಿಟ್ಟು ಹೋಗುವುದು 'ಪಾತ್ರೆ ದೆವ್ವ'. ಮೊನ್ನೆ ಮೊನ್ನೆ ತೆಗೆದಂತೆ ಕಾಣುವ, ಲಿಫ್ಟ್ ರಿಪೇರಿಯವನೊಬ್ಬ ದಿನಾ ಒಂದೊಂದು ಕಟ್ಟಡದ ಮೇಲೆ ಕೂತು ಬುತ್ತಿ ಬಿಚ್ಚುವುದು 'ತಾರಸಿ'. ಬಸ್ಸಿನಲ್ಲಿ ಟಿಕೆಟ್ ತೆಗೆದುಕೊಳ್ಳುವ ಮೇಕೆಯ ಕಾರ್ಟೂನು 'ಮೇಕೆ'.

ಆಮೇಲೆ ಅವನು ಇವನ್ನು ಬೇರೆಯವರಿಗೆ ಹೇಳತೊಡಗಿದ. ಒಂದೇ ಸಿನಿಮಾವನ್ನು ಎಲ್ಲರಿಗೂ ಹೇಳುತ್ತಿರಲಿಲ್ಲ. ಮುಖ ನೋಡಿ, ಎರಡು ದಿನ ಯೋಚಿಸಿ, ನಿನಗೆ ಇದು ಎಂದು ಫೋನಿಗೆ ಹಾಕಿಕೊಡುತ್ತಿದ್ದ. ವೆಂಕಟರಾಮಪ್ಪನವರಿಗೆ 'ಏಣಿ' ಕೊಟ್ಟ. ಅವರು ನೋಡಿ, "ಇದೇನಪ್ಪಾ, ನಮ್ ಶೆಡ್ಡಲ್ಲಿ ಕರೆಂಟ್ ಹೋದಾಗ ನೀವು ಕೂತ್ಕೊಳ್ಳೋ ಥರನೇ ಇದೆ," ಎಂದು ನಕ್ಕರು. ನೂಲು ಸುತ್ತುವ ಮಾರಕ್ಕನಿಗೆ 'ಪಾತ್ರೆ ದೆವ್ವ' ಕೊಟ್ಟ.

"ಹೆದ್ರಿಕೆ ಆಯ್ತಾ ಮಾರಕ್ಕ?"

"ಎಂಥ ಹೆದ್ರಿಕೆ? ನಮ್ಮನೇಗೂ ಒಂದು ಕಳ್ಸು ಅನ್ನು ಅವ್ರಿಗೆ. ಬಾಡಿಗೆ ಬೇಕಾದ್ರೆ ನಾನೇ ಕೊಡ್ತೀನಿ."

ಹೀಗೆ ಅವನಿಗೆ ಜಪಾನ್ ಜಯಣ್ಣ ಎಂಬ ಹೆಸರು ಬಿತ್ತು. ಅವನಿಗೆ ಅದು ಇಷ್ಟವೋ ಅಲ್ಲವೋ ಗೊತ್ತಾಗುತ್ತಿರಲಿಲ್ಲ. ಕರೆದರೆ ತಿರುಗುತ್ತಿದ್ದ.

ಅವನ ಮಗ್ಗದ ಬೆನ್ನಿಗೇ ದೇವರಾಜನ ಮಗ್ಗ. ದೇವರಾಜ್ ವಯಸ್ಸಿನಲ್ಲಿ ದೊಡ್ಡವನು, ಮೊಮ್ಮಗಳನ್ನು ಕಂಡವನು, ಆದರೂ ಇಬ್ಬರದೂ ಹೋಗೋ ಬಾರೋ ಗೆಳೆತನ. ಒಂದು ದಿನ ಟೀ ಅಂಗಡಿಯ ಮುಂದೆ ಅವನು ಜಯಕುಮಾರನ ಹೆಗಲು ತಟ್ಟಿದ. ಮಗ್ಗದವರು ಹೊರಗೆ ಬಂದರೂ ಕೂಗಿಯೇ ಮಾತಾಡುತ್ತಾರೆ. ಕಿವಿ ಅಷ್ಟು ಮಂದವಾಗಿರುತ್ತದೆ, ಗಂಟಲಿಗೆ ಅದೇ ಅಭ್ಯಾಸವಾಗಿರುತ್ತದೆ. ಟೀ ಅಂಗಡಿಯವನ ನಾಯಿ ಎದ್ದು ದೂರ ಹೋಗಿ ಮಲಗಿತು.

"ಲೇ ಜಯ, ನಂಗೂ ಒಂದ್ ಸಿನ್ಮಾ ಹೇಳೋ!"

"ಯಾವ ಥರದ್ದು?"

"ಅಣ್ಣನ ಮನೆ ಬಾಗಿಲಿಗೆ ಹೋಗೋಕೆ ಧೈರ್ಯ ಬರ್ಬೇಕು, ಅಂಥದ್ದು!"

ಜಯಕುಮಾರನಿಗೆ ಆ ಕತೆ ಗೊತ್ತಿತ್ತು. ದೇವರಾಜನ ಅಣ್ಣ ಅಪ್ಪಯ್ಯಣ್ಣ ತ್ಯಾಮಗೊಂಡ್ಲು ಕಡೆ ತೋಟ ಮಾಡಿಕೊಂಡಿದ್ದಾನೆ. ದೇವರಾಜನ ಮಗಳ ಮದುವೆಯ ಹೊತ್ತಿಗೆ ಶೆಡ್ಡಿನಲ್ಲಿ ಅರ್ಜೆಂಟ್ ಆರ್ಡರು. ಅಣ್ಣನ ಮನೆಗೆ ಹೋಗಿ, ಕುಂಕುಮ ಕೊಟ್ಟು, ಎಲೆ ಅಡಿಕೆ ಇಟ್ಟು ಕರೆಯಬೇಕಾದವನು ಲಗ್ನಪತ್ರಿಕೆಯ ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕಿಬಿಟ್ಟ. ಅಪ್ಪಯ್ಯಣ್ಣ ಮದುವೆಗೆ ಬರಲಿಲ್ಲ. "ಫೋನಿಗೆ ಕರ್ದಿದ್ದಾನೆ, ಫೋನ್ ಹೋಗ್ಲಿ," ಅಂದನಂತೆ. ತಪ್ಪಾಯ್ತು ಎನ್ನಲು ದೇವರಾಜ್ ಫೋನು ಮಾಡಿದ. ಅವನ ಮಾಮೂಲಿ ದನಿಯಲ್ಲೇ ಹೇಳಿದ. ಆ ಕಡೆ ಅಪ್ಪಯ್ಯಣ್ಣನಿಗೆ, ತಪ್ಪೂ ಮಾಡಿ ಮೇಲೆ ಬಿದ್ದು ಬೈತಾನೆ ಅನ್ನಿಸಿತು. ಅಲ್ಲಿಗೆ ಮಾತು ನಿಂತು ಆರು ವರ್ಷವಾಯಿತು. ಮಗಳಿಗೆ ಮಗುವಾಗಿ, ಆ ಮಗು ಈಗ ಓಡಾಡುತ್ತಿದೆ.

ಈಗ ಆ ಮಗುವಿಗೆ ಘಾಟಿಯ ದೇವಸ್ಥಾನದಲ್ಲಿ ಮುಡಿ ತೆಗೆಸಬೇಕು. ಮುಡಿ ತೆಗೆಸುವಾಗ ಮಗು ಸೋದರಮಾವನ ತೊಡೆಯ ಮೇಲೆ ಕೂರಬೇಕು. ದೇವರಾಜನಿಗೆ ಗಂಡುಮಕ್ಕಳಿಲ್ಲ. ಮನೆತನದಲ್ಲಿ ಆ ತೊಡೆ ಇರುವುದು ಅಪ್ಪಯ್ಯಣ್ಣನ ಮಗ ಬೈರೇಶನಿಗೆ ಒಬ್ಬನಿಗೇ.

"ಬೇರೆ ಯಾರಾದ್ರೂ ಕೂರ್ಸ್ಕೊಂಡ್ರೆ ಆಗಲ್ವಾ?" ಎಂದ ಜಯಕುಮಾರ್.

"ಆಗುತ್ತೆ. ಮಗಳು ಅಳ್ತಾಳೆ. 'ಅಪ್ಪಾ, ನಂಗೆ ತವರಲ್ಲಿ ಅಣ್ಣ ಅಂತ ಇರೋನು ಅವ್ನೊಬ್ನೇ,' ಅಂತಾಳೆ. ಹೋಗ್ಬೇಕು ಕಣೋ. ಹೋದ್ರೆ ಏನ್ ಮಾತಾಡ್ಲಿ? ನಾನು ಬಾಯ್ಬಿಟ್ರೆ ಜಗಳ."

ಜಯಕುಮಾರ್ ಎರಡು ದಿನ ಯೋಚಿಸಿದ. ಮೂರನೆಯ ದಿನ 'ಕೊಡೆ ಅಂಗಡಿ' ಕೊಟ್ಟ. ಎಲ್ಲಕ್ಕಿಂತ ಹಳೆಯದು, ಕಪ್ಪು ಬಿಳುಪು, ಗೆರೆಗೆರೆ ಬೀಳುವಂಥದ್ದು. ಅದು ಎರಡು ಫೈಲಿನಲ್ಲಿತ್ತು. ಮೊದಲ ಫೈಲಿನಲ್ಲಿ ಮಳೆ. ಕೊಡೆ ಅಂಗಡಿಯಲ್ಲಿ ಒಬ್ಬ ವಯಸ್ಸಾದವನು ಕೂತಿದ್ದಾನೆ. ಅವನ ತಮ್ಮ ಬಾಗಿಲಿಗೆ ಬಂದು ನೆನೆಯುತ್ತಾ ನಿಲ್ಲುತ್ತಾನೆ. ಅಣ್ಣ ತಲೆ ಎತ್ತುವುದಿಲ್ಲ. ತಮ್ಮ ಹೋಗಿಬಿಡುತ್ತಾನೆ. ಪರದೆಯ ತುಂಬ ದೊಡ್ಡದೊಂದು ಅಕ್ಷರ ಬರುತ್ತದೆ, ಅದು ಇಂಟರ್‌ವಲ್. ಎರಡನೆಯ ಫೈಲಿನಲ್ಲಿ ಬಿಸಿಲು. ಅಣ್ಣ ತಮ್ಮ ಅಕ್ಕಪಕ್ಕ ಕೂತಿದ್ದಾರೆ. ತಮ್ಮ ಬಿದಿರುಕಡ್ಡಿ ಹಿಡಿದಿದ್ದಾನೆ, ಅಣ್ಣ ಕಾಗದ ಅಂಟಿಸುತ್ತಿದ್ದಾನೆ. ಇಬ್ಬರೂ ನಗುತ್ತಿದ್ದಾರೆ.

ದೇವರಾಜ್ ತನ್ನ ಮಗ್ಗದ ಮುಂದೆ ನಿಂತು ನೋಡಿದ. ನೋಡಿ ಕಣ್ಣೊರೆಸಿಕೊಂಡ. ಹೊರಗೆ ಬಂದಾಗ ಅವನಿಗೆ ಒಂದೇ ಒಂದು ಅನುಮಾನ ಇತ್ತು.

"ಅಲ್ವೋ, ಕೊನೆಗೆ ಅವ್ರಿಬ್ರೂ ಅಷ್ಟೊಂದು ಚಿಕ್ಕೋರಾಗಿ ಕಾಣ್ತಾರಲ್ಲ, ಅದ್ಯಾಕೆ? ಕೂದ್ಲೆಲ್ಲ ಕಪ್ಪು!"

ಈ ಪ್ರಶ್ನೆ ಜಯಕುಮಾರನಿಗೂ ಬಂದಿತ್ತು. ಅವನು ಉತ್ತರವನ್ನೂ ಹುಡುಕಿಟ್ಟುಕೊಂಡಿದ್ದ.

"ರಾಜಿ ಆದ್ಮೇಲೆ ಮನುಷ್ಯ ಹತ್ತು ವರ್ಷ ಚಿಕ್ಕವನಾಗ್ತಾನಲ್ಲ, ಅದ್ನ ತೋರ್ಸಿದ್ದಾರೆ. ಅವ್ರ ಸಿನ್ಮಾದಲ್ಲಿ ಎಲ್ಲಾನೂ ಬಾಯ್ಬಿಟ್ಟು ಹೇಳಲ್ಲ."

ದೇವರಾಜ್ ತುಂಬಾ ಹೊತ್ತು ತಲೆಯಾಡಿಸಿದ. "ಒಂದ್ಸಲ ಹೋದಾಗ ಮುಖ ನೋಡದಿದ್ರೂ ಪರ್ವಾಗಿಲ್ಲ. ಆಮೇಲೆ ಸರಿ ಹೋಗುತ್ತೆ. ಅಷ್ಟೇ ತಾನೆ?"

"ಅಷ್ಟೇ."

ಮುಂದಿನ ಗುರುವಾರ ಲೈನ್ ರಿಪೇರಿಗೆಂದು ಇಡೀ ದಿನ ಕರೆಂಟ್ ಇರುವುದಿಲ್ಲವೆಂದು ಪೇಪರಿನಲ್ಲಿ ಬಂದಿತ್ತು. ಅಂದು ಹೋಗುವುದೆಂದು ದೇವರಾಜ್ ನಿಶ್ಚಯಿಸಿದ. ಜೊತೆಗೆ ಜಯಕುಮಾರ್ ಬರಬೇಕು. ದೇವರಾಜನ ಹೆಂಡತಿ ಅಶ್ವತ್ಥಮ್ಮ ಕುಂಕುಮದ ಭರಣಿ ತೊಳೆದಿಟ್ಟಳು.

ಚಂದನ ಮಾವನ ಮನೆಗೆ ಬಂದದ್ದು ಬುಧವಾರ ಸಂಜೆ. ಯಾವ ಯಾವುದು ನೋಡಿದೆ ಎಂದು ಕೇಳಿದಳು. ಜಯಕುಮಾರ್ ಒಂದೊಂದನ್ನೇ ಹೇಳಿದ. 'ಪಾತ್ರೆ ದೆವ್ವ' ಅಂದದ್ದಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕೊಡೆ ಅಂಗಡಿಯ ವಿಷಯಕ್ಕೆ ಬಂದಾಗ ನಗು ನಿಲ್ಲಿಸಿದಳು.

"ಮಾವ, ಅವ್ರು ಕೊನೇಲಿ ಒಂದಾಗಲ್ಲ."

"ಆಗ್ತಾರಮ್ಮ. ನಾನು ಎರಡು ಸಲ ನೋಡಿದ್ದೀನಿ."

ಅವಳು ಫೋನು ತೆಗೆದುಕೊಂಡು ಆ ಎರಡು ಫೈಲುಗಳ ಹೆಸರು ನೋಡಿದಳು. "ನೀನು ಎರಡನೇದನ್ನ ಮೊದಲು ನೋಡಿದ್ದೀಯ. ಇದು ಮೊದಲನೇ ಭಾಗ, ಬಿಸಿಲಿಂದು. ಆಗ ಅವ್ರಿಗಿನ್ನೂ ಚಿಕ್ಕ ವಯಸ್ಸು. ಇದು ಎರಡನೇದು, ಮಳೇದು. ಈ ದೊಡ್ಡ ಅಕ್ಷರ ಇದ್ಯಲ್ಲ, ಇದು ಇಂಟರ್‌ವಲ್ ಅಲ್ಲ. ಮುಗೀತು ಅಂತ."

ಜಯಕುಮಾರ್ ತನ್ನ ಕಾಲು ನೋಡಿಕೊಂಡ. ಜರಿಯ ಅಂಚಿನ ಚಿತ್ತಾರಕ್ಕೆಂದು ಮಗ್ಗದ ಮೇಲೆ ಹಾಕುವ ತೂತಿನ ರಟ್ಟಿನ ಅಟ್ಟೆಗಳ ಸರವನ್ನು ಹೊಸಬನೊಬ್ಬ ಹಿಂದುಮುಂದಾಗಿ ಹೊಲಿದು, ಸೀರೆಯ ಅಂಚಿನ ನವಿಲುಗಳೆಲ್ಲ ತಲೆ ಕೆಳಗಾಗಿ ಬಂದಿದ್ದವು ಒಂದು ಸಲ. ಅರ್ಧ ಮೊಳ ಬರುವುದರೊಳಗೆ ಅದನ್ನು ಹಿಡಿದವನು ಇದೇ ಜಯಕುಮಾರ್. ಆದರೆ ಮನುಷ್ಯರು ತಲೆ ಕೆಳಗಾಗಿ ನಡೆಯುವುದಿಲ್ಲವಲ್ಲ. ಅವನಿಗೆ ಹೇಗೆ ಗೊತ್ತಾಗಬೇಕಿತ್ತು? ಕೂದಲು ನೋಡಿ ಗೊತ್ತಾಗಬೇಕಿತ್ತು ಎಂದು ಅವನಿಗೇ ಅನ್ನಿಸಿತು.

"ಆ ತಮ್ಮ ಮತ್ತೆ ಬರೋದೇ ಇಲ್ವಾ?"

"ಇಲ್ಲ. ಅದೇ ಕೊನೆ."

ಅವನಿಗೆ ತಲೆ ಕೆಟ್ಟಿತು. ಹೇಳಿದರೆ ದೇವರಾಜ್ ಹೋಗುವುದಿಲ್ಲ, ಮಗುವಿಗೆ ಸೋದರಮಾವನ ತೊಡೆ ಸಿಗುವುದಿಲ್ಲ. ಹೇಳದಿದ್ದರೆ, ಅಣ್ಣ ಮುಖ ನೋಡದೆ ಕೂತಾಗ ದೇವರಾಜ್ ಇದು ಇಂಟರ್‌ವಲ್ ಎಂದುಕೊಂಡು ನಂಬಿಕೆಯಿಂದ ವಾಪಸು ಬರುತ್ತಾನೆ. ಬಂದು ಬಿಸಿಲಿನ ಭಾಗಕ್ಕೆ ಕಾಯುತ್ತಾನೆ. ಅದು ಬರದಿದ್ದರೆ? ಆದರೆ ಬರುವುದಿಲ್ಲವೆಂದು ತಾನು ಹೇಳುವುದಾದರೂ ಹೇಗೆ? ಅವರು ಜಪಾನಿನ ಅಣ್ಣತಮ್ಮಂದಿರು, ಕೊಡೆ ಮಾರುವವರು. ಇವರು ಇವರೇ.

ಗುರುವಾರ ಬೆಳಗ್ಗೆ ಕರೆಂಟ್ ಇನ್ನೂ ಹೋಗಿರಲಿಲ್ಲ. ಹೊರಡುವವರೆಗೆ ಇಬ್ಬರೂ ಮಗ್ಗದ ಮುಂದೆ ಇದ್ದರು. ಜಯಕುಮಾರ್ ದೇವರಾಜನ ಭುಜ ಮುಟ್ಟಿ ಕೈಸನ್ನೆಯಲ್ಲಿ ಹೇಳಲು ನೋಡಿದ. ಒಂದು ಬೆರಳು ತೋರಿಸಿದ, ಎರಡು ಬೆರಳು ತೋರಿಸಿದ, ಎರಡು ಕೈಗಳನ್ನು ಅದಲು ಬದಲು ಮಾಡಿದ. ದೇವರಾಜ್ ಅವನ ಮಗ್ಗಕ್ಕೆ ಬಂದು ಎಲ್ಲಿ ಎಳೆ ಹರಿದಿದೆಯೆಂದು ಹುಡುಕಿದ. ಕೊನೆಗೆ ಟೀಗೆ ಕರೆಯುತ್ತಿದ್ದಾನೆಂದು ತಿಳಿದು ಹೊರಗೆ ಹೋಗಿ ಎರಡು ಟೀ ತಂದ.

ಬೈಕು ದೊಡ್ಡಬೆಳವಂಗಲ ದಾಟಿದ ಮೇಲೆ ಜಯಕುಮಾರ್ ಹಿಂದಿನ ಸೀಟಿನಿಂದ ಕೂಗಿದ. "ಗುರು, ನಿಲ್ಸು!"

ದೇವರಾಜ್ ಬೈಕು ನಿಲ್ಲಿಸಿದ. ರಸ್ತೆಯ ಬದಿಯ ಹೊಂಗೆಮರದ ಕೆಳಗೆ ಜಯಕುಮಾರ್ ಎಲ್ಲವನ್ನೂ ಹೇಳಿದ. ಹೇಳಿ ಮುಗಿಸಿದ ಮೇಲೆ ತನ್ನ ಚಪ್ಪಲಿ ನೋಡಿದ.

"ಅಂದ್ರೆ ಅವ್ರು ಮೊದ್ಲು ಚೆನ್ನಾಗಿದ್ರು."

"ಹೂಂ."

"ಆಮೇಲೆ ಕೆಟ್ಟೋದ್ರು."

"ಹೂಂ."

"ಅದು ನಂಗೆ ಗೊತ್ತಿಲ್ವೇನೋ! ಅದ್ನ ನೋಡೋಕೆ ಜಪಾನ್ ಯಾಕ್ ಬೇಕು? ನಮ್ಮನೇಲೇ ಆಗಿದೆ!" ದೇವರಾಜನ ದನಿಗೆ ಹೊಂಗೆಮರದಿಂದ ಎರಡು ಮೈನಾ ಹಾರಿದವು. ಅವನು ಬೈಕಿನ ಕನ್ನಡಿಯಲ್ಲಿ ತನ್ನ ಬಿಳಿಗೂದಲು ನೋಡಿಕೊಂಡ. "ಹತ್ತು ವರ್ಷ ಚಿಕ್ಕವನಾಗ್ತಾನಂತೆ. ನಾನೂ ನಂಬಿದೆ ನೋಡು."

"ವಾಪಸ್ ಹೋಗೋಣ್ವಾ?"

"ಹೋದ್ರೆ ಅಶ್ವತ್ಥಮ್ಮ ಒಳಗ್ ಸೇರ್ಸಲ್ಲ." ದೇವರಾಜ್ ಕನ್ನಡಿಯನ್ನು ಆಚೆ ತಿರುಗಿಸಿದ. "ಆ ಚೆನ್ನಾಗಿದ್ದಾಗ ತಮ್ಮ ಏನ್ ಮಾಡ್ತಿದ್ದ ಅಂದೆ?"

"ಕಡ್ಡಿ ಹಿಡ್ಕೊಂಡಿದ್ದ. ಅಣ್ಣ ಅಂಟಿಸ್ತಿದ್ದ."

ದೇವರಾಜ್ ಬೈಕು ಒದ್ದ.

ಅಪ್ಪಯ್ಯಣ್ಣ ಮನೆಯ ಪಕ್ಕದ ತೆಂಗಿನ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಹನಿ ನೀರಾವರಿಯ ಪೈಪನ್ನು ಇಲಿ ಕಚ್ಚಿತ್ತು. ಕತ್ತರಿಸಿ ಜೋಡಿಸಲು ಅವನು ಹೆಣಗುತ್ತಿದ್ದ. ಬೈಕಿನ ಸದ್ದಿಗೆ ತಲೆ ಎತ್ತಿದ, ಯಾರೆಂದು ನೋಡಿದ, ಮತ್ತೆ ಪೈಪಿಗೆ ತಲೆ ಬಗ್ಗಿಸಿದ. ಥೇಟ್ ಮಳೆಯ ಭಾಗವೇ.

ದೇವರಾಜ್ ಮಾತಾಡಲಿಲ್ಲ. ಚಪ್ಪಲಿ ಬಿಟ್ಟು, ಕೆಸರಿಗೆ ಇಳಿದು, ಅಣ್ಣನ ಎದುರು ಕೂತು ಪೈಪಿನ ಇನ್ನೊಂದು ತುದಿ ಹಿಡಿದುಕೊಂಡ. ಅಪ್ಪಯ್ಯಣ್ಣ ಒಂದು ಗಳಿಗೆ ಕೈ ನಿಲ್ಲಿಸಿದ. ಆಮೇಲೆ ಜಾಯಿಂಟನ್ನು ಒತ್ತಿದ. ಸರಿಯಾಗಿ ಕೂತಿತು. ಮುಂದಿನ ತೂತಿಗೆ ಸರಿದರು. ಅದಕ್ಕೂ ಮಾತಿಲ್ಲ. ಜಯಕುಮಾರ್ ಕುಂಕುಮದ ಭರಣಿಯ ಚೀಲ ಹಿಡಿದುಕೊಂಡು ದಾರಿಯಲ್ಲೇ ನಿಂತಿದ್ದ. ಇದು ಯಾವ ಭಾಗ ಎಂದು ಅವನಿಗೆ ತಿಳಿಯಲಿಲ್ಲ. ಮುಖ ನೋಡದಿರುವುದು ಮಳೆಯದು. ಒಟ್ಟಿಗೆ ಕೂತು ಹಿಡಿದಿರುವುದು ಬಿಸಿಲಿನದು. ಎರಡೂ ಒಂದೇ ಸಲ ಓಡುತ್ತಿದ್ದವು.

ಅಪ್ಪಯ್ಯಣ್ಣನ ಹೆಂಡತಿ ಅಮ್ಮಯಮ್ಮ ಮೂರು ಲೋಟ ಕಾಫಿ ತಂದಳು. ಮೈದುನನ ಮುಂದೆ ಒಂದು ಲೋಟ ಇಟ್ಟಳು. "ಸಕ್ಕರೆ ಸರಿಯಾಗಿದ್ಯಾ?" ಎಂದು ಇನ್ನೂ ಕುಡಿಯದ ಜಯಕುಮಾರನನ್ನು ಕೇಳಿದಳು.

ಅಪ್ಪಯ್ಯಣ್ಣ ಕಾಫಿ ಮುಗಿಸಿ ಲೋಟ ಕೆಳಗಿಟ್ಟ. "ಯಾಕೋ," ಅಂದ, ಪೈಪನ್ನೇ ನೋಡುತ್ತಾ. "ದನಿ ಬಿದ್ದೋಗಿದ್ಯಾ?"

ದೇವರಾಜ್ ಎದ್ದ. ಜಯಕುಮಾರನ ಕೈಯಿಂದ ಚೀಲ ಕಿತ್ತುಕೊಂಡು ಭರಣಿ ತೆಗೆದ. ಆರು ವರ್ಷದ ಮಾತು ಅವನ ಗಂಟಲಲ್ಲಿತ್ತು. ಅವನು ಮೆಲ್ಲಗೆ ಹೇಳಬೇಕೆಂದೇ ಹೊರಟ.

"ಅಣ್ಣಾ! ಮಗು ಮುಡಿ ಐತೆ! ಘಾಟೀಲಿ! ನೀವೆಲ್ಲ ಬರ್ಬೇಕು! ಬೈರೇಶನ ತೊಡೆ ಬೇಕು!"

ಕೊಟ್ಟಿಗೆಯಲ್ಲಿ ಹಸು ಎದ್ದು ನಿಂತಿತು. ಪಕ್ಕದ ತೋಟದಿಂದ ಯಾರೋ "ಏನಾಯ್ತು ಅಪ್ಪಯ್ಯಣ್ಣ?" ಎಂದು ಕೂಗಿದರು.

"ಏನಿಲ್ಲ ಬಿಡ್ರಪ್ಪಾ, ನಮ್ ದೇವರಾಜ ಬಂದವ್ನೆ," ಎಂದು ಅಮ್ಮಯಮ್ಮ ತಿರುಗಿ ಕೂಗಿದಳು. ಮೈದುನನ ಕಡೆ ನೋಡಿ, "ಅಯ್ಯೋ, ಊರಿಗೆಲ್ಲ ಒಂದೇ ಸಲ ಕರೆದ್ಬಿಟ್ಯಲ್ಲೋ! ಊಟ ಹಾಕ್ಸ್ತೀಯಾ ಅಷ್ಟು ಜನಕ್ಕೆ?" ಅಂದಳು.

ಕುಂಕುಮವನ್ನು ಅವಳು ಹಚ್ಚಿಕೊಂಡಳು. ಎಲೆ ಅಡಿಕೆಯನ್ನು ಅಪ್ಪಯ್ಯಣ್ಣ ತೆಗೆದುಕೊಂಡ. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎನ್ನಲಿಲ್ಲ. ಬೈಕು ಹೊರಡುವಾಗ ಗೇಟಿನವರೆಗೆ ಬಂದ. ಅಲ್ಲಿ ನಿಂತು ಹೇಳಿದ, "ಮುಡಿ ತೆಗೆಯೋವಾಗ ನೀನು ಬಾಯಿ ಬಿಡ್ಬೇಡ. ಮಗು ಬೆಚ್ಚುತ್ತೆ. ಕತ್ತಿ ತಾಕುತ್ತೆ."

ದಾರಿಯುದ್ದಕ್ಕೂ ಇಬ್ಬರೂ ಈ ಮಾತನ್ನೇ ತಿರುವಿ ಹಾಕಿದರು. ಬರುತ್ತೇನೆ ಎಂದನೋ? ಇಲ್ಲ, ದೂರದಿಂದಲೇ ಬುದ್ಧಿ ಹೇಳಿದನೋ? ದೇವರಾಜನಿಗೆ ಇದು ಬೈದದ್ದು ಅನ್ನಿಸಿತು. ತನಗೆ ಅನ್ನಿಸಿದ್ದನ್ನು ಹೇಳಲು ಜಯಕುಮಾರನಿಗೆ ಈಗ ಭಯ. ಅಶ್ವತ್ಥಮ್ಮ ಕೇಳಿ ಹಣೆ ಬಡಿದುಕೊಂಡಳು. "ಬರದೇ ಇರೋನಿಗೆ ಮಗು ಬೆಚ್ಚೋ ಚಿಂತೆ ಯಾಕ್ರೀ?" ಅಂದಳು. ಆದರೂ ಮುಡಿಯ ದಿನದವರೆಗೆ ಅವಳೂ ಸರಿಯಾಗಿ ನಿದ್ದೆ ಮಾಡಲಿಲ್ಲ.

ಘಾಟಿಯಲ್ಲಿ ಜನವೋ ಜನ. ಮುಡಿ ತೆಗೆಯುವ ಜಗುಲಿಯ ಮೇಲೆ ಬೈರೇಶ್ ಪಂಚೆ ಉಟ್ಟು ಕೂತಿದ್ದ, ಮಗು ಅವನ ತೊಡೆಯ ಮೇಲಿತ್ತು. ಹೊಸ ಮುಖ ಕಂಡು ತುಟಿ ಮುಂದೆ ಮಾಡಿತ್ತು, ಇನ್ನೂ ಅತ್ತಿರಲಿಲ್ಲ. ದೇವರಾಜನ ಮಗಳು ಕಣ್ಣೊರೆಸಿಕೊಳ್ಳುತ್ತಿದ್ದಳು. ಅಪ್ಪಯ್ಯಣ್ಣ ಒಂದು ಪಕ್ಕ ನಿಂತಿದ್ದ. ದೇವರಾಜ್ ಇನ್ನೊಂದು ಪಕ್ಕ, ಬಾಯಲ್ಲಿ ಟವೆಲು ಕಚ್ಚಿಕೊಂಡು ನಿಂತಿದ್ದ. ಅಣ್ಣತಮ್ಮಂದಿರು ಬೆಳಗ್ಗೆಯಿಂದ ಒಂದು ಮಾತೂ ಆಡಿರಲಿಲ್ಲ. ಮುಖ ಕೊಟ್ಟು ನೋಡಿಯೂ ಇರಲಿಲ್ಲ. ಆದರೆ ಕತ್ತಿ ಮಗುವಿನ ತಲೆಗೆ ಹತ್ತಿರ ಬಂದಾಗ ಇಬ್ಬರೂ ಒಟ್ಟಿಗೆ ಬಗ್ಗಿ ಒಬ್ಬೊಬ್ಬರು ಒಂದೊಂದು ಕಾಲು ಹಿಡಿದುಕೊಂಡರು.

ಜಯಕುಮಾರ್ ದೂರದಲ್ಲಿ, ಚಪ್ಪಲಿಗಳ ರಾಶಿಯ ಹತ್ತಿರ ನಿಂತಿದ್ದ. ದೇವರಾಜ್ ತಲೆ ಎತ್ತಿ ಜನರ ನಡುವೆ ಅವನನ್ನು ಹುಡುಕಿದ. ಟವೆಲು ಬಾಯಲ್ಲೇ ಇತ್ತು. ಬಿಡುವಿದ್ದ ಕೈಯಲ್ಲಿ ಒಂದು ಬೆರಳು ತೋರಿಸಿದ, ಎರಡು ಬೆರಳು ತೋರಿಸಿದ, ಹುಬ್ಬು ಹಾರಿಸಿದ.

ಈ ಸಲ ಸನ್ನೆ ತಪ್ಪಲಿಲ್ಲ, ಜಯಕುಮಾರನಿಗೆ ಪ್ರಶ್ನೆ ಅರ್ಥವಾಯಿತು. ಒಂದನೆಯದೋ ಎರಡನೆಯದೋ ಎಂದು ಅವನು ಅಣ್ಣನನ್ನೂ ತಮ್ಮನನ್ನೂ ನೋಡಿದ. ಗೊತ್ತಾಗಲಿಲ್ಲ. ಶೆಡ್ಡಿನಲ್ಲಿ ಮಗ್ಗ ಓಡುವಾಗ ಮಾಡುವ ಹಾಗೆ ತೋರುಬೆರಳನ್ನು ಎತ್ತಿ ಗಾಳಿಯಲ್ಲಿ ದುಂಡಗೆ ತಿರುಗಿಸಿದ.